ವಿಲಿಯಂ ಲಾ ಪಂಡಿತನ ‘ಗಂಭೀರಾಹ್ವಾನ’

ಹದಿನೆಂಟನೆಯ ಶತಮಾನದ ಪೂರ್ವಭಾಗದಲ್ಲಿ ಇಂಗ್ಲೆಂಡಿನ ಅನುಕೂಲಸ್ಥರ ಮನೆಗಳಲ್ಲಿ ಕ್ರೈಸ್ತಧರ್ಮವು ಬಹುಮಟ್ಟಿಗೆ ಒಂದು ಸಭ್ಯಾಚಾರವಾಗಿ ನಿಂತಿತ್ತು. ಭಾನುವಾರ ದೇವಾಲಯಕ್ಕೆ ಹೋಗುವುದು, ಊಟಕ್ಕೆ ಮುನ್ನ ಎರಡು ಮಾತು ಸ್ತೋತ್ರ ಹೇಳುವುದು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವುದು, ಇಷ್ಟು ನಡೆದರೆ ದೇವರಿಗೆ ಸಲ್ಲತಕ್ಕುದು ಸಂದಿತೆಂದು ಎಣಿಸುವವರೇ ಹೆಚ್ಚು. ನಾಸ್ತಿಕರೆಂದು ಹೇಳಿಕೊಳ್ಳುವವರು ವಿರಳ. ಆದರೆ ದೇವರನ್ನು ನಂಬಿದವನ ಬಾಳಿಗೂ ನಂಬದವನ ಬಾಳಿಗೂ ಸೋಮವಾರದಿಂದ ಶನಿವಾರದವರೆಗೆ ಏನು ಭೇದವೆಂದು ಕೇಳಿದರೆ ಉತ್ತರ ಕೊಡಬಲ್ಲವರೂ ವಿರಳ. ಈ ಪ್ರಶ್ನೆಯನ್ನು ಬಿಡದೆ, ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಗ್ರಂಥವೇ ವಿಲಿಯಂ ಲಾ ಪಂಡಿತನ ‘ಭಕ್ತಿಯುತವೂ ಪವಿತ್ರವೂ ಆದ ಜೀವನಕ್ಕೆ ಗಂಭೀರಾಹ್ವಾನ’. ಮುಖಪತ್ರದಲ್ಲಿ 1729 ಎಂಬ ವರ್ಷವನ್ನು ಹೊತ್ತು 1728ರಲ್ಲಿಯೇ ಹೊರಬಂದ ಈ ಪುಸ್ತಕದಲ್ಲಿ ಇಪ್ಪತ್ತನಾಲ್ಕು ಅಧ್ಯಾಯಗಳಿವೆ. ಭಕ್ತಿಗ್ರಂಥಗಳ ನಡುವೆ ಇದಕ್ಕೆ ಒಂದು ವಿಶೇಷವಾದ ಸ್ಥಾನವುಂಟು. ಅದು ಯಾವುದರಿಂದ ಬಂದಿತು, ಎಲ್ಲಿ ಅದರ ಬಲವಿದೆ, ಎಲ್ಲಿ ಅದು ಎಡವುತ್ತದೆ ಎಂಬುದು ವಿಚಾರಾರ್ಹವಾದುದು.

ಗ್ರಂಥಕ್ಕೆ ಮೊದಲು ಗ್ರಂಥಕರ್ತನ ಬಾಳಿನ ಒಂದು ಸಂಗತಿಯನ್ನು ನೆನೆಯುವುದು ಉಚಿತ. ಲಾ ಪಂಡಿತನು 1686ರಲ್ಲಿ ನಾರ್ತ್ಯಾಂಪ್ಟನ್‌ಷೈರ್ ಪ್ರಾಂತದ ಕಿಂಗ್ಸ್ ಕ್ಲಿಫ್ ಎಂಬ ಊರಿನಲ್ಲಿ ದಿನಸಿ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದನು. ಕೇಂಬ್ರಿಜ್ಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದಿ 1711ರಲ್ಲಿ ಅಲ್ಲಿಯೇ ಫೆಲೋ ಪದವಿಯನ್ನು ಪಡೆದನು. 1714ರಲ್ಲಿ ಒಂದನೆಯ ಜಾರ್ಜ್ ದೊರೆಯು ಪಟ್ಟಕ್ಕೆ ಬಂದಾಗ ಇಂಥ ಪದವಿಗಳಲ್ಲಿದ್ದವರು ಹೊಸ ದೊರೆಗೆ ನಿಷ್ಠೆಯ ಪ್ರಮಾಣವನ್ನು ಮಾಡಬೇಕಾಯಿತು. ಹಳೆಯ ರಾಜವಂಶದ ಹಕ್ಕು ಅಳಿದಿಲ್ಲವೆಂದು ನಂಬಿದ್ದ ಲಾ ಪಂಡಿತನು, ಮನಸ್ಸು ಒಪ್ಪದ ಮಾತಿಗೆ ದೇವರನ್ನು ಸಾಕ್ಷಿಯಾಗಿ ಕರೆಯಲಾರದೆ ಪ್ರಮಾಣವನ್ನು ನಿರಾಕರಿಸಿದನು. ಪದವಿ ಹೋಯಿತು, ಸಭಾಪಾಲಕನಾಗಿ ಮೇಲೆ ಬರುವ ದಾರಿಯೂ ಮುಚ್ಚಿತು. ಅವನ ರಾಜಕೀಯಾಭಿಪ್ರಾಯವನ್ನು ಒಪ್ಪಬಹುದು, ಬಿಡಬಹುದು. ಆದರೆ ದೈವಭಯವೆಂಬುದನ್ನು ಕುರಿತು ಬರೆಯಲು ತೊಡಗುವುದಕ್ಕೆ ಹಲವು ವರ್ಷ ಮೊದಲೇ ಅವನು ಅದಕ್ಕೆ ಬೆಲೆ ತೆತ್ತಿದ್ದನೆಂಬುದನ್ನು ಮರೆಯಲಾಗದು. ಮುಂದೆ ಅವನು ಲಂಡನ್ನಿನ ಬಳಿಯ ಪಟ್ನಿಯಲ್ಲಿ ಗಿಬ್ಬನ್ ಮನೆತನದಲ್ಲಿ ಉಪಾಧ್ಯಾಯನಾಗಿ ನಿಂತನು. ಅವನ ಶಿಷ್ಯನ ಮಗನೇ ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ಬರೆದ ಎಡ್ವರ್ಡ್ ಗಿಬ್ಬನ್.

ಪುಸ್ತಕದ ಮೂಲವಾದವು ಸರಳವಾದುದು. ಭಕ್ತಿಯೆಂದರೆ ಪ್ರಾರ್ಥನೆಯಲ್ಲ, ಪ್ರಾರ್ಥನೆಯು ಭಕ್ತಿಯ ಒಂದು ಅಂಗಮಾತ್ರ. ದೇವರಿಗೆ ಒಪ್ಪಿಸಿದ ಬಾಳೇ ಭಕ್ತಿ. ಮೊಣಕಾಲೂರಿ ವಿನಯವನ್ನು ಬೇಡಿ, ಎದ್ದು ಹೋಗಿ ಆಳನ್ನು ಗದರಿಸುವವನು ಪ್ರಾರ್ಥನೆಯಲ್ಲಿ ಒಬ್ಬನು, ಬಾಳಿನಲ್ಲಿ ಮತ್ತೊಬ್ಬನು. ಹೀಗಿರಲು ಸಾಮಾನ್ಯ ಕ್ರೈಸ್ತನು ತನ್ನ ಧರ್ಮದ ಆದರ್ಶಕ್ಕೆ ಇಷ್ಟು ದೂರವಾಗಿ ಉಳಿಯುವುದೇಕೆ? ಅಜ್ಞಾನದಿಂದಲ್ಲ, ಅಶಕ್ತಿಯಿಂದಲೂ ಅಲ್ಲ. ಹಾಗೆ ಬಾಳಬೇಕೆಂದು ಅವನು ಮನಸಾರೆ ಸಂಕಲ್ಪಿಸಿಯೇ ಇಲ್ಲ ಎಂಬುದು ಲಾ ಪಂಡಿತನ ನಿರ್ಣಯ. ಮನುಷ್ಯದೌರ್ಬಲ್ಯವೆಂಬ ನೆವವನ್ನು ಮೊದಲ ಪುಟಗಳಲ್ಲಿಯೇ ಹೀಗೆ ಕಿತ್ತುಕೊಂಡುಬಿಡುವುದರಿಂದ ಓದುಗನಿಗೆ ತಪ್ಪಿಸಿಕೊಳ್ಳಲು ಎಡೆಯೇ ಉಳಿಯುವುದಿಲ್ಲ.

ಇಷ್ಟನ್ನೇ ಉಪದೇಶರೂಪವಾಗಿ ಹೇಳಿದ್ದರೆ ಪುಸ್ತಕವು ಎಂದೋ ಕಪಾಟಿನ ಧೂಳನ್ನು ಸೇರುತ್ತಿತ್ತು. ಅದನ್ನು ಉಳಿಸಿದವರು ಅದರೊಳಗಿನ ಜನ. ಲಾ ಪಂಡಿತನು ಅವರಿಗೆ ಲ್ಯಾಟಿನ್ ಛಾಯೆಯ ಹೆಸರುಗಳನ್ನಿಟ್ಟಿರುವನು: ಒಂದು ಹುಚ್ಚಿನಿಂದ ಮತ್ತೊಂದಕ್ಕೆ ಹಾರುವ ಫ್ಲೇಟಸ್ ಎಂದರೆ ಗಾಳಿ; ಸದಾ ತರಾತುರಿಯಲ್ಲಿರುವ ಕ್ಯಾಲಿಡಸ್ ಎಂದರೆ ಬಿಸಿಯುಳ್ಳವನು. ಹೆಸರು ಗುಣವಾಚಕವಾದರೂ ವ್ಯಕ್ತಿಗಳು ಬರಿಯ ಬೊಂಬೆಗಳಲ್ಲ. ಕ್ಯಾಲಿಡಸನು ಮಹಾನಗರದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ಮಾಡಿದವನು. ಊಟಕ್ಕೆ ಕುಳಿತರೂ ಅವಸರ. ಪುರಸೊತ್ತು ಇದ್ದಿದ್ದರೆ ಸ್ತೋತ್ರ ಹೇಳಿಯಾನು. ಆದರೆ ಬಿರುಗಾಳಿ ಎದ್ದಾಗ ಮಾತ್ರ ತಪ್ಪದೆ ದೇವರನ್ನು ನೆನೆಯುವನು, ಏಕೆಂದರೆ ಅವನ ಸರಕು ಯಾವಾಗಲೂ ಸಮುದ್ರದ ಮೇಲೆ ಎಲ್ಲಿಯೋ ಇದ್ದೇ ಇರುವುದು. ಈ ಒಂದು ವಿವರದಲ್ಲಿ ಒಬ್ಬ ಮನುಷ್ಯನ ಮತಧರ್ಮವೆಲ್ಲ ಬೆಳಕಿಗೆ ಬಂದುಬಿಡುತ್ತದೆ. 1726ರಲ್ಲಿ ನಾಟಕಶಾಲೆಯನ್ನು ಕಟುವಾಗಿ ಖಂಡಿಸಿ ಪುಸ್ತಕವನ್ನು ಬರೆದವನ ಕೈಯಲ್ಲಿ ಒಳ್ಳೆಯ ನಾಟಕಕಾರನ ಚಾತುರ್ಯವಿದ್ದುದು ವಿನೋದದ ಸಂಗತಿ.

ಎಲ್ಲಕ್ಕಿಂತ ಪ್ರಸಿದ್ಧವಾದುದು ಏಳು ಎಂಟನೆಯ ಅಧ್ಯಾಯಗಳಲ್ಲಿ ಬರುವ ಇಬ್ಬರು ಅಕ್ಕತಂಗಿಯರ ಚಿತ್ರ. ಫ್ಲೇವಿಯಾ, ಮಿರಾಂಡ ಎಂಬ ಈ ಅವಿವಾಹಿತ ಸೋದರಿಯರಿಗೆ ತಂದೆತಾಯಿಗಳು ತೀರಿ ಇಪ್ಪತ್ತು ವರ್ಷವಾಗಿದೆ. ತಲೆಗೆ ವರ್ಷಕ್ಕೆ ಇನ್ನೂರು ಪೌಂಡ್ ಆದಾಯವಿದೆ. ಆಸ್ತಿ ಒಂದೇ, ಕುಲ ಒಂದೇ, ಮತ ಒಂದೇ. ಬೇರೆಯಾಗಿರುವುದು ವೆಚ್ಚದ ರೀತಿ ಮಾತ್ರ. ಫ್ಲೇವಿಯಾ ದುಷ್ಟಳಲ್ಲ. ಅವಳು ಸಂಪ್ರದಾಯನಿಷ್ಠೆ, ದೇವಾಲಯಕ್ಕೆ ಹೋಗುವವಳು, ಪ್ರಭುಭೋಜನ ಸಂಸ್ಕಾರದಲ್ಲಿ ಭಾಗಿಯಾಗುವವಳು. ಉಡುಪಿನ ಆಡಂಬರವನ್ನು ಖಂಡಿಸಿದ ಪ್ರಸಂಗವೊಂದನ್ನು ಕೇಳಿ, ಲೂಸಿಂಡ ಎಂಬವಳಿಗೆ ಇದು ಸರಿಯಾಗಿ ತಗಲಿತೆಂದು ಮೆಚ್ಚಿಕೊಂಡಳು. ಯಾರಾದರೂ ಧರ್ಮಕಾರ್ಯಕ್ಕೆ ಹಣ ಕೇಳಿದರೆ, ಕೇಳಿದವನ ಮೇಲೆ ಮನಸ್ಸಿದ್ದರೆ, ಒಂದು ನಾಣ್ಯವನ್ನು ಎಸೆದು, ಉಡುಪಿನಂಗಡಿಯಿಂದ ಬಂದಿರುವ ಬಾಕಿಪಟ್ಟಿಯ ಉದ್ದವನ್ನು ವರ್ಣಿಸುವಳು. ಮೂರು ತಿಂಗಳು ಕಳೆದು ದಾನವನ್ನು ಕುರಿತ ಪ್ರಸಂಗವನ್ನು ಕೇಳಿದಾಗ, ಜನಕ್ಕೆ ಇಂಥ ಮಾತು ಬೇಕೇಬೇಕೆಂದು ತಲೆದೂಗುವಳು. ತನಗೆ ಅದು ತಾಗುವುದಿಲ್ಲ, ಏಕೆಂದರೆ ಕಷ್ಟಕಾಲದಲ್ಲಿಯೂ ತಾನು ಆ ನಾಣ್ಯವನ್ನು ಕೊಟ್ಟಿದ್ದೇನೆಂಬ ನೆನಪು ಅವಳಿಗೆ ಇನ್ನೂ ಹಸಿಯಾಗಿದೆ!

ಆಮೇಲೆ ದಿನಸಿ ವ್ಯಾಪಾರಿಯ ಮಗನು ಲೆಕ್ಕಕ್ಕೆ ಕೂರುತ್ತಾನೆ. ಫ್ಲೇವಿಯಾ ಇನ್ನು ಹತ್ತು ವರ್ಷ ಬದುಕಿದರೆ ಒಟ್ಟು ಮೂವತ್ತು ವರ್ಷದಲ್ಲಿ 1,560 ಭಾನುವಾರಗಳನ್ನು ಹೀಗೆಯೇ ಕಳೆದಂತಾಗುವುದು. ಸುಮಾರು ಇನ್ನೂರು ಜೊತೆ ಉಡುಪುಗಳನ್ನು ಉಟ್ಟಂತಾಗುವುದು. ಮೂವತ್ತರಲ್ಲಿ ಹದಿನೈದು ವರ್ಷ ಹಾಸಿಗೆಯಲ್ಲಿ; ಉಳಿದ ಹದಿನೈದರಲ್ಲಿ ಸುಮಾರು ಹದಿನಾಲ್ಕು ಉಣ್ಣುವುದು, ಉಡುವುದು, ಹರಟುವುದು, ನೋಟಗಳಿಗೆ ಹೋಗುವುದು ಇವುಗಳಲ್ಲಿ. ಬೈಗುಳವಿಲ್ಲ, ನರಕದ ಬೆದರಿಕೆಯಿಲ್ಲ. ಕೂಡುವುದು, ಕಳೆಯುವುದು, ಅಷ್ಟೆ. ಈ ಲೆಕ್ಕವು ಓದುಗನನ್ನು ಕಾಡುವುದೇಕೆಂದರೆ ಇದರಲ್ಲಿ ಒಂದು ಪಾಪವೂ ಇಲ್ಲ. ಕಳ್ಳತನ, ಸುಳ್ಳು, ಹಾದರ ಯಾವುದೂ ಇಲ್ಲದೆ ಒಂದು ಬಾಳು ಸಂಪೂರ್ಣವಾಗಿ ಸೋರಿಹೋಗಬಹುದೆಂಬುದನ್ನು ಇಷ್ಟು ತಣ್ಣಗೆ ತೋರಿಸಿಕೊಟ್ಟ ಮತಗ್ರಂಥಗಳು ಕಡಮೆ. ದೇವರಲ್ಲಿ ಗೌರವವುಂಟೆಂದು ಹೇಳುವ ಮನೆಯು ತನ್ನ ಗಡಿಯಾರವನ್ನೂ ಆಯವ್ಯಯದ ಪುಸ್ತಕವನ್ನೂ ಆ ಗೌರವಕ್ಕೆ ಸಾಕ್ಷಿಯಾಗಿ ತೋರಿಸಬಲ್ಲದೆ ಎಂಬುದೇ ‘ಗಂಭೀರಾಹ್ವಾನ’ದ ನಿಜವಾದ ಪ್ರಶ್ನೆ.

ಮಿರಾಂಡಳ ಕಡೆಗೆ ತಿರುಗಿದಾಗ ಲೇಖನಿಯ ವೇಗ ಕುಗ್ಗುವುದನ್ನು ಕಾಣದಿರಲಾಗದು. ಅವಳ ಹೆಸರಿನ ಅರ್ಥವೇ ಆಶ್ಚರ್ಯಕ್ಕೆ ಅರ್ಹಳಾದವಳು ಎಂದು. ಗ್ರಂಥಕರ್ತನು ಆಶ್ಚರ್ಯಪಡುವುದರಲ್ಲಿಯೇ ತೊಡಗಿ, ಅವಳನ್ನು ನಡೆದಾಡಿಸುವುದನ್ನು ಮರೆಯುತ್ತಾನೆ. ಅವಳು ನಗುವುದಿಲ್ಲ, ಬೇಸರಪಡುವುದಿಲ್ಲ, ಒಂದು ದಿನವೂ ಸೋಲುವುದಿಲ್ಲ. ದೋಷವನ್ನು ಚಿತ್ರಿಸುವುದು ಸುಲಭ, ಗುಣವನ್ನು ಚಿತ್ರಿಸುವುದು ಕಷ್ಟ ಎಂಬ ಮಾತಿಗೆ ಈ ಎರಡು ಅಧ್ಯಾಯಗಳೇ ನಿದರ್ಶನ. ಆದರೂ ಒಂದು ಕಡೆ ಮಿರಾಂಡಳಿಗೆ ಜೀವ ಬರುತ್ತದೆ. ತನ್ನ ಸಂಪತ್ತಿನಿಂದ ಪೋಷಣೆ ಪಡೆಯುವ ಬಡವರಲ್ಲಿ ತಾನೂ ಒಬ್ಬಳೆಂದು ಎಣಿಸಿ ಬಾಳುವ ಅವಳು, ಕೂಲಿಯಾಳು ಕಾಯಿಲೆ ಮಲಗಿದನೆಂದು ಕೇಳಿದರೆ ಗುಣವಾಗುವವರೆಗೆ ಅವನ ಕೂಲಿಯ ಎರಡರಷ್ಟನ್ನು ಕಳುಹಿಸುವಳು: ಒಂದು ಪಾಲು ಎಂದಿನಂತೆ ಹೆಂಡತಿ ಮಕ್ಕಳ ಕೈಗೆ, ಇನ್ನೊಂದು ಪಾಲು ರೋಗಿಯ ಪಥ್ಯಪಾನಕ್ಕೆ. ಬಡವನ ಮನೆಯಲ್ಲಿ ಕಾಯಿಲೆಯು ಎರಡು ಕಡೆ ಹೊಡೆಯುತ್ತದೆ: ಆದಾಯ ನಿಲ್ಲುತ್ತದೆ, ವೆಚ್ಚ ಏರುತ್ತದೆ. ಇದನ್ನು ತಿಳಿದು ಕೊಟ್ಟ ದಾನವಿದು. ಇಲ್ಲಿ ಪವಿತ್ರತೆಯು ಉದಾರವಾದುದಷ್ಟೇ ಅಲ್ಲ, ಬುದ್ಧಿಯುಳ್ಳದ್ದೂ ಆಗಿದೆ.

ಇದೇ ಮಿರಾಂಡಳು ಬಾಗಿಲಿಗೆ ಬಂದ ಭಿಕ್ಷುಕನ ವಿಷಯದಲ್ಲಿ ಬೇರೆ ನಿಯಮವನ್ನು ಹಿಡಿಯುವಳು. ಅವನು ಯೋಗ್ಯನೋ ಅಯೋಗ್ಯನೋ ಎಂದು ವಿಚಾರಿಸುವುದಿಲ್ಲ. ಯೋಗ್ಯತೆಯನ್ನು ನೋಡಿ ದೇವರು ಬಿಸಿಲನ್ನೂ ಮಳೆಯನ್ನೂ ಕೊಡುವುದಿಲ್ಲವಾದ್ದರಿಂದ ತಾನೂ ನೋಡುವುದಿಲ್ಲವೆಂಬುದು ಅವಳ ವಾದ. ವಾದಕ್ಕೆ ಸುವಾರ್ತೆಯ ಆಧಾರವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಾಯಿಲೆಯ ಕೂಲಿಯವನನ್ನು ಕಂಡ ಕಣ್ಣು ಇಲ್ಲಿ ಮುಚ್ಚಿದೆ. ಕೊಡುವವಳ ಮನಸ್ಸು ಶುದ್ಧವಾಗಿರುವುದೇ ಮುಖ್ಯವಾಗಿ, ಪಡೆಯುವವನು ಏನಾದನೆಂಬುದು ಗೌಣವಾಗುತ್ತದೆ. ಕನ್ನಡದ ಓದುಗನಿಗೆ ಇಲ್ಲಿ ಶರಣರ ಕಾಯಕ ದಾಸೋಹಗಳು ನೆನಪಾಗುವುದು ಸಹಜ. ಹೋಲಿಕೆಯುಂಟು, ಭೇದವೂ ಉಂಟು: ಶರಣರಲ್ಲಿ ನೀಡುವ ಕೈ ದುಡಿದ ಕೈ, ಮಿರಾಂಡಳದು ಪಿತ್ರಾರ್ಜಿತದಿಂದ ನೀಡುವ ಕೈ. ಆದಕಾರಣವೇ ತನ್ನ ಸಂಪತ್ತು ತನ್ನದಲ್ಲವೆಂಬ ಅಳುಕು ಅವಳಲ್ಲಿ ಅಷ್ಟು ತೀವ್ರವಾಗಿದೆ.

ಮಿರಾಂಡಳಲ್ಲಿ ಕಾಣುವ ಈ ಕೊರತೆಗೆ ಗ್ರಂಥದಲ್ಲಿಯೇ ಪರಿಹಾರವಿರುವುದು ಗಮನಾರ್ಹ. ಉತ್ತರಾರ್ಧದಲ್ಲಿ ಲಾ ಪಂಡಿತನು ದಿನದ ಪ್ರಾರ್ಥನಾಕಾಲಗಳನ್ನು ಹಂಚಿಕೊಡುವನು: ಬೆಳಗ್ಗೆ ಬೇಗ ಎದ್ದು ಸ್ತುತಿ, ಒಂಬತ್ತು ಗಂಟೆಗೆ ವಿನಯ, ನಡುಹಗಲಿನಲ್ಲಿ ಸರ್ವಜನಪ್ರೀತಿ, ಮೂರು ಗಂಟೆಗೆ ದೈವಸಂಕಲ್ಪಕ್ಕೆ ಶರಣಾಗತಿ, ಸಂಜೆ ಆ ದಿನದ ತಪ್ಪುಗಳ ನಿವೇದನೆ, ಮಲಗುವಾಗ ಮರಣದ ಚಿಂತನೆ. ದುಡಿಮೆಯ ಕಟ್ಟಿಲ್ಲದವರಿಗೆ ಮಾತ್ರ ಸಾಧ್ಯವಾದ ಈ ಏರ್ಪಾಡು ಕೆಲವೆಡೆ ದೀರ್ಘವಾಗಿ ಬೇಸರವನ್ನೂ ತರುವುದು. ಆದರೆ ನಡುಹಗಲಿನ ಪ್ರಾರ್ಥನೆಯನ್ನು ಕುರಿತ ಭಾಗದಲ್ಲಿ ಔರಾನಿಯಸ್ ಎಂಬ ಹಳ್ಳಿಯ ಸಭಾಪಾಲಕನು ಬರುತ್ತಾನೆ. ಅವನೊಡನೆ ಗ್ರಂಥವು ತನ್ನ ಶಿಖರವನ್ನು ಮುಟ್ಟುತ್ತದೆ.

ಔರಾನಿಯಸನು ಹುಟ್ಟಾ ಸಂತನಲ್ಲ. ಹಳ್ಳಿಗೆ ಬಂದ ಹೊಸದರಲ್ಲಿ ಅದು ಅವನಿಗೆ ಸೆರೆಮನೆಯಾಗಿತ್ತು. ಬಡವರು, ಒರಟರು, ವಿದ್ಯಾವಂತನು ಮಾತಾಡತಕ್ಕವರು ಒಬ್ಬರೂ ಇಲ್ಲ. ಬಾಗಿಲು ಹಾಕಿಕೊಂಡು ಹೋಮರ್ ಮತ್ತು ಪ್ಲಾಟಸ್ ಕವಿಗಳಿಗೆ ಟಿಪ್ಪಣಿ ಬರೆಯುತ್ತ ಕುಳಿತನು. ಹೋಮರನ ಯುದ್ಧವು ರಂಗೇರಿರುವ ಹೊತ್ತಿನಲ್ಲಿ ಯಾವನೋ ಬಡವನ ಹಾಸಿಗೆಯ ಬಳಿ ಪ್ರಾರ್ಥಿಸಬೇಕೆಂದು ಕರೆ ಬಂದರೆ ಅವನಿಗೆ ಕಷ್ಟವೆನಿಸುತ್ತಿತ್ತು. ಅವನನ್ನು ಬದಲಿಸಿದುದು ಉಪದೇಶವಲ್ಲ, ಪವಾಡವಲ್ಲ. ಊರಿನವರಿಗಾಗಿ ಪ್ರತಿದಿನವೂ ಪ್ರಾರ್ಥಿಸಬೇಕೆಂಬ ಕರ್ತವ್ಯ. ಒಬ್ಬೊಬ್ಬರ ಸಂಕಟವನ್ನೂ ದೇವರ ಮುಂದಿಡಬೇಕಾದರೆ ಅದನ್ನು ಮೊದಲು ತಿಳಿಯಬೇಕು. ತಿಳಿಯಬೇಕಾದರೆ ಮನೆಮನೆಗೆ ಹೋಗಬೇಕು. ಹೋಗುತ್ತ ಹೋಗುತ್ತ ತಿರಸ್ಕಾರವು ಕರಗಿತು. ಬೇಸರದ ಹಳ್ಳಿಯೇ ಅವನಿಗೆ ಸಮಾಧಾನದ ನೆಲೆಯಾಯಿತು. ತನ್ನ ಅಹಂಕಾರವನ್ನು ಅವನು ಗೆದ್ದನೆನ್ನುವುದಕ್ಕಿಂತ ಪ್ರಾರ್ಥಿಸಿ ಪ್ರಾರ್ಥಿಸಿ ಸವೆಯಿಸಿದನೆನ್ನುವುದೇ ಸರಿ.

ಇಲ್ಲಿ ಲಾ ಪಂಡಿತನು ಕಂಡ ಮನಶ್ಶಾಸ್ತ್ರವು ಬಹು ಸೂಕ್ಷ್ಮವಾದುದು. ಪರರಿಗಾಗಿ ಮಾಡುವ ಪ್ರಾರ್ಥನೆಯು ಅವರಿಗೆ ಏನನ್ನು ತರುವುದೆಂಬ ಚರ್ಚೆಯನ್ನು ಅವನು ಮುಂದೆ ತರುವುದಿಲ್ಲ. ಪ್ರಾರ್ಥಿಸುವವನನ್ನು ಅದು ಏನು ಮಾಡುವುದೆಂದು ತೋರಿಸುವನು. ಸಸರಸ್ ಎಂಬ ಮತ್ತೊಬ್ಬನಿದ್ದಾನೆ: ಸಜ್ಜನ, ಆದರೆ ಇತರರ ಗುಟ್ಟನ್ನು ಪಿಸುಗುಟ್ಟುವ ಚಟದವನು. ನೀನು ಯಾರನ್ನು ದೂರುತ್ತಿರುವೆಯೋ ಅವನಿಗಾಗಿ ಮನೆಗೆ ಹೋಗಿ ಪ್ರಾರ್ಥಿಸು ಎಂದು ಗೆಳೆಯನೊಬ್ಬನು ಹೇಳಿದ ಮಾತೇ ಅವನಿಗೆ ಔಷಧವಾಗುತ್ತದೆ. ಮಿರಾಂಡಳ ಪವಿತ್ರತೆಯು ಸಿದ್ಧವಸ್ತು. ಔರಾನಿಯಸನದು ಆಗುತ್ತಿರುವ ವಸ್ತು. ಆದುದರಿಂದಲೇ ಒಂದು ಚಿತ್ರವಾಗಿ ಉಳಿಯಿತು, ಇನ್ನೊಂದು ಮನುಷ್ಯನಾಯಿತು. ಮಿರಾಂಡಳು ಬಾಗಿಲಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಔರಾನಿಯಸನು ಕೇಳುವನು. ಯೋಗ್ಯತೆಯನ್ನು ಅಳೆಯುವುದಕ್ಕಲ್ಲ, ಪ್ರೀತಿಸುವುದಕ್ಕೆ.

ಪುಸ್ತಕದ ಪರೀಕ್ಷೆಯು ಗ್ರಂಥಕರ್ತನ ಬಾಳಿನಲ್ಲಿಯೇ ನಡೆಯಿತು. ಚರಿತ್ರಕಾರ ಗಿಬ್ಬನ್ನನು ತನ್ನ ಸೋದರತ್ತೆ ಹೆಸ್ಟರಳೇ ಮಿರಾಂಡ, ಇನ್ನೊಬ್ಬ ಅತ್ತೆಯೇ ಫ್ಲೇವಿಯಾ ಎಂದು ಸೂಚಿಸಿರುವನು. ಕಾಲಗಣನೆಯು ಇದಕ್ಕೆ ಹೊಂದದು: ಪುಸ್ತಕದ ಸೋದರಿಯರು ಇಪ್ಪತ್ತು ವರ್ಷದ ಹಿಂದೆಯೇ ತಂದೆಯನ್ನು ಕಳೆದುಕೊಂಡವರು, ಹೆಸ್ಟರಳ ತಂದೆಯಾದರೋ 1736ರವರೆಗೆ ಬದುಕಿದ್ದನು. ಹೆಸ್ಟರಳನ್ನು ನೋಡಿ ಮಿರಾಂಡಳನ್ನು ಬರೆದುದಲ್ಲ. ಮಿರಾಂಡಳನ್ನು ಓದಿ ಹೆಸ್ಟರಳು ಬಾಳಿದಳು ಎನ್ನುವುದು ಹೆಚ್ಚು ಸಮಂಜಸ. 1740ರಲ್ಲಿ ಲಾ ಪಂಡಿತನು ಹುಟ್ಟೂರಾದ ಕಿಂಗ್ಸ್ ಕ್ಲಿಫ್‌ಗೆ ಹಿಂತಿರುಗಿದನು. ಹೆಸ್ಟರಳೂ, ಹಚೆಸನ್ ಎಂಬ ಸಿರಿವಂತ ವಿಧವೆಯೂ ಅಲ್ಲಿ ಅವನ ಮನೆಯಲ್ಲಿ ಬಂದು ನೆಲಸಿದರು. ಮೂವರೂ ಸೇರಿ ‘ಗಂಭೀರಾಹ್ವಾನ’ವನ್ನು ಅಕ್ಷರಶಃ ಆಚರಣೆಗೆ ತಂದರು: ಬಡಮಕ್ಕಳಿಗೆ ಶಾಲೆ, ದಿಕ್ಕಿಲ್ಲದವರಿಗೆ ವಸತಿ, ಊರವರಿಗೆ ಓದಲು ಭಕ್ತಿಗ್ರಂಥಗಳ ಭಂಡಾರ. ಆದಾಯದ ಬಹುಪಾಲು ದಾನಕ್ಕೇ ಸಂದಿತು. ಬಾಗಿಲಿಗೆ ಬಂದವನನ್ನು ವಿಚಾರಿಸದೆ ಕೊಡುವ ನಿಯಮವೂ ನಡೆಯಿತು. ಫಲವೇನಾಯಿತೆಂದರೆ ಸುತ್ತಣ ಸೀಮೆಯ ಭಿಕ್ಷುಕರೂ ಸೋಮಾರಿಗಳೂ ಊರಿಗೆ ನೆರೆಯತೊಡಗಿದರು. ಊರಿನವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು.

ಈ ಆಕ್ಷೇಪಣೆಯನ್ನು ಲೋಭಿಗಳ ಗೊಣಗಾಟವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮೂವರು ಪುಣ್ಯಾತ್ಮರು ದೇವರಿಗೆ ಒಪ್ಪಿಸಿದ ಹಣದ ಪರಿಣಾಮವನ್ನು ಇಡೀ ಊರು ಅನುಭವಿಸಬೇಕಾಯಿತು. ಆದರೆ ಅದೇ ಊರಿನಲ್ಲಿ ಅವರು ನಿಲ್ಲಿಸಿದ ಶಾಲೆಯೂ ವಸತಿಗಳೂ ಯಾರ ಆಕ್ಷೇಪಣೆಗೂ ಗುರಿಯಾಗತಕ್ಕವಲ್ಲ. ಅಲ್ಲಿ ಪಡೆಯುವವರ ಪರಿಚಯವಿತ್ತು. ಕಾಯಿಲೆಯ ಕೂಲಿಯವನಿಗೆ ಕೊಟ್ಟ ದಾನಕ್ಕೂ ಬಾಗಿಲ ದಾನಕ್ಕೂ ಪುಸ್ತಕದಲ್ಲಿ ಕಾಣುವ ಭೇದವೇ ಹೀಗೆ ಊರಿನಲ್ಲಿಯೂ ಕಾಣಿಸಿಕೊಂಡಿತು.

ಮತ್ತೊಂದು ಆಕ್ಷೇಪಣೆಯು ಶಿಷ್ಯನಿಂದಲೇ ಬಂದಿತು. ಮೆಥಡಿಸ್ಟ್ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿಯು ಯೌವನದಲ್ಲಿ ಈ ಗ್ರಂಥಕ್ಕೆ ಮಾರುಹೋದವನು. 1738ರಲ್ಲಿ ಅವನು ಲಾ ಪಂಡಿತನಿಗೆ ಕಠಿನವಾದ ಕಾಗದವೊಂದನ್ನು ಬರೆದನು: ಮನುಷ್ಯನು ಹೊರಲಾರದ ನಿಯಮವನ್ನು ಬೋಧಿಸಿದಿರಿ, ಅದನ್ನು ಹೊರುವ ಶಕ್ತಿಯಾದ ಕ್ರಿಸ್ತನಲ್ಲಿಯ ವಿಶ್ವಾಸವನ್ನು ಬೋಧಿಸಲಿಲ್ಲ ಎಂಬುದು ಅದರ ಸಾರ. ಮಾತಿನಲ್ಲಿ ಸತ್ಯಾಂಶವಿದೆ. ಗ್ರಂಥದಲ್ಲಿ ಸಂಕಲ್ಪದ ಪ್ರಶಂಸೆ ಹೆಚ್ಚು, ಕೃಪೆಯ ಪ್ರಸ್ತಾಪ ಕಡಮೆ. ಸೋತವನನ್ನು ಎತ್ತುವ ಕೈ ಅಪರೂಪ. ಆದರೂ ವೆಸ್ಲಿಯು ಪುಸ್ತಕವನ್ನು ಕೈಬಿಡಲಿಲ್ಲ. ಅದನ್ನು ಸಂಗ್ರಹಿಸಿ ತನ್ನ ಜನರಿಗೆ ಕೊಟ್ಟನು, ಮುಪ್ಪಿನಲ್ಲಿಯೂ ಅದರ ಶೈಲಿಯನ್ನೂ ಆಳವನ್ನೂ ಕೊಂಡಾಡಿದನು. ದೀರ್ಘಕಾಲ ಜಗಳವಾಡಿದ ಮೇಲೂ ಬಿಡಲಾರದ ಪುಸ್ತಕದಲ್ಲಿ ಸತ್ತ್ವವಿರಲೇಬೇಕು.

ಸ್ಯಾಮ್ಯುಯೆಲ್ ಜಾನ್ಸನ್ ಪಂಡಿತನು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಇದೊಂದು ಸಪ್ಪೆ ಪುಸ್ತಕವಿರಬೇಕು, ನಗುವುದಕ್ಕಾದರೂ ಆದೀತು ಎಂದು ಇದನ್ನು ಕೈಗೆತ್ತಿಕೊಂಡನಂತೆ. ಆದರೆ ಅದು ತನ್ನನ್ನು ಮೀರಿಸಿತೆಂದೂ, ಮತವಿಷಯವನ್ನು ತಾನು ಶ್ರದ್ಧೆಯಿಂದ ಯೋಚಿಸಿದುದು ಅಂದಿನಿಂದಲೇ ಎಂದೂ ಮುಂದೆ ಬಾಸ್ವೆಲ್ಲನಿಗೆ ತಿಳಿಸಿದನು. ಕ್ರೈಸ್ತಸಭೆಯ ಚರಿತ್ರೆಯನ್ನು ವ್ಯಂಗ್ಯದಿಂದ ಬರೆದ ಗಿಬ್ಬನ್ನನು ಕೂಡ ಲಾ ಪಂಡಿತನ ವಿಷಯಕ್ಕೆ ಬಂದಾಗ ವ್ಯಂಗ್ಯವನ್ನು ಬದಿಗಿಟ್ಟು, ನಂಬಿದುದನ್ನೇ ಹೇಳಿದವನು, ವಿಧಿಸಿದುದನ್ನು ತಾನೇ ನಡೆಸಿದವನು ಎಂಬ ಕೀರ್ತಿಯನ್ನು ತನ್ನ ಮನೆತನದಲ್ಲಿ ಅವನು ಉಳಿಸಿಹೋದನೆಂದು ಒಪ್ಪಿಕೊಂಡಿರುವನು. 1761ರಲ್ಲಿ ಕಿಂಗ್ಸ್ ಕ್ಲಿಫ್‌ನಲ್ಲಿಯೇ ಲಾ ಪಂಡಿತನು ತೀರಿಕೊಂಡನು.

ಈ ಗ್ರಂಥವನ್ನು ಮುಗಿಸಿದ ಗೃಹಸ್ಥನು ಮಿರಾಂಡಳಂತೆ ಬಾಳಬೇಕೆಂದು ಹೊರಡುವುದು ಅಪರೂಪ. ಹೊರಟರೂ ಕಿಂಗ್ಸ್ ಕ್ಲಿಫ್‌ನ ಬಾಗಿಲಿನ ಮುಂದೆ ನೆರೆದ ಗುಂಪನ್ನು ಅವನು ನೆನೆಯುವುದು ಒಳ್ಳೆಯದು. ಆದರೆ ಫ್ಲೇವಿಯಾಳ ಲೆಕ್ಕದಲ್ಲಿ ತನ್ನ ಲೆಕ್ಕವನ್ನು ಕಾಣದೆ ಪುಸ್ತಕವನ್ನು ಮುಚ್ಚುವುದು ಅವನಿಗೆ ಸಾಧ್ಯವಿಲ್ಲ. ಓದಿನ ಕೋಣೆಯಲ್ಲಿ ಕುಳಿತಾಗ ಯಾರೋ ಬಡವರು ಬಂದು ಕರೆದರೆ, ಹೋಮರನನ್ನು ಮಡಿಸಿಟ್ಟು ಎದ್ದ ಔರಾನಿಯಸನೂ ಅವನ ನೆನಪಿಗೆ ಬಾರದಿರನು.